ಕಾಲ ಕೆಳಗಿನ ಸೋಜಿಗ

(ನಮ್ಮ ಬ್ಲಾಕಿನ ಹಳ್ಳಿಗಳ ರೈತರ ಕೂಟದಲ್ಲಿ ಮಾಡಿದ ಭಾಷಣ)



ಹೊಲದ ಕೆಲಸ, ಡೈರಿಗೆ ಹಾಲು ಹಾಕುವ ಹೊತ್ತು, ಮನೆವಾರ್ತೆ ಇವೆಲ್ಲವನ್ನೂ ಬದಿಗಿಟ್ಟು ಈ ಸಂಜೆ ಇಲ್ಲಿ ನೆರೆದಿದ್ದೀರಿ. ಇಂಥ ಕೂಟಗಳಲ್ಲಿ ಬಿತ್ತನೆ ಬೀಜ, ಗೊಬ್ಬರ, ಸಾಲ, ಸಹಾಯಧನ ಇವುಗಳ ಮಾತು ನಡೆಯುವುದು ವಾಡಿಕೆ. ಈ ಹೊತ್ತು ನಾನು ಬೇರೊಂದು ಮಾತನ್ನು ಎತ್ತಿಕೊಂಡಿದ್ದೇನೆ. ದಿನ ಬೆಳಗಾದರೆ ನಾವು ಕಾಣುವ, ಕಂಡು ಕಂಡು ಕಣ್ಣಿಗೆ ಸವೆದುಹೋದ ಕೆಲವು ವಸ್ತುಗಳನ್ನು ಇನ್ನೊಮ್ಮೆ ನಿಂತು ನೋಡೋಣ ಎಂಬುದೇ ಆ ಮಾತು.

"ಹಿತ್ತಲ ಗಿಡ ಮದ್ದಲ್ಲ" ಎಂದು ನಮ್ಮಲ್ಲಿ ಗಾದೆಯುಂಟು. ವೈಟ್‌ಫೀಲ್ಡಿನ ಗಾಜಿನ ಮಹಡಿಗಳನ್ನು ನೋಡಿ ನಾವು ಬಾಯಿ ಬಿಟ್ಟು ನಿಲ್ಲುತ್ತೇವೆ. ತಲೆಯ ಮೇಲೆ ಮೆಟ್ರೋ ರೈಲು ಹಾದುಹೋದರೆ ಮಕ್ಕಳು ಕೈ ಬೀಸುತ್ತಾರೆ. ಪೀಣ್ಯದ ಕಾರ್ಖಾನೆಯಲ್ಲಿ ಕಬ್ಬಿಣವನ್ನು ಕೂದಲೆಳೆಯ ಅಳತೆಗೆ ಕೊರೆಯುವ ಯಂತ್ರವನ್ನು ಕಂಡವರು ಊರಿಗೆ ಬಂದು ಅದರ ಕಥೆ ಹೇಳುತ್ತಾರೆ. ಇವೆಲ್ಲ ಸೋಜಿಗಪಡತಕ್ಕವೇ ಸರಿ. ಮನುಷ್ಯನ ಬುದ್ಧಿಯನ್ನು ಹಗುರವಾಗಿ ಕಾಣಬಾರದು. ಆದರೆ ಆ ಮಹಡಿ ನಿಂತಿರುವ ಬಂಡೆ, ಆ ರೈಲಿನ ಕಂಬ ಊರಿರುವ ಕೆಂಪು ಮಣ್ಣು, ಆ ಕಾರ್ಖಾನೆಯ ಪಕ್ಕದಲ್ಲಿ ಹರಿಯುವ ಹಳ್ಳ ಇವುಗಳ ಕಥೆಯನ್ನು ಯಾರು ಹೇಳುತ್ತಾರೆ?

ಈ ಮಾತನ್ನು ಈಗ ಎತ್ತುವುದಕ್ಕೆ ಕಾರಣವುಂಟು. ನಮ್ಮ ಸೀಮೆಯಲ್ಲಿ ನೆಲವನ್ನು ಎಕರೆಯಲ್ಲಿ ಎಣಿಸುತ್ತಿದ್ದ ಕಾಲ ಹೋಗಿ ಚದರಡಿಯಲ್ಲಿ ಎಣಿಸುವ ಕಾಲ ಬಂದಿದೆ. 1882ರಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳು ಬೇಸಾಯ ಮಾಡಿ ಬದುಕಲೆಂದು ವೈಟ್‌ಫೀಲ್ಡಿನ ನೆಲೆ ಹುಟ್ಟಿತು. ಎಲೆಕ್ಟ್ರಾನಿಕ್ ಸಿಟಿಯು 1978ರಲ್ಲಿ ಆರ್. ಕೆ. ಬಾಳಿಗರ ಕನಸಿನಂತೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಕಡೆಯ 332 ಎಕರೆಯಲ್ಲಿ ಮೊದಲಾಯಿತು. ಇಂದು ಆ ಗಡಿಗಳು ಎಲ್ಲಿ ಮುಗಿಯುತ್ತವೆಂದು ಹೇಳುವುದೇ ಕಷ್ಟ. ನಿಮ್ಮಲ್ಲಿ ಕೆಲವರು ಜಮೀನು ಕೊಟ್ಟಾಗಿದೆ, ಕೆಲವರು ಕೊಡಬೇಕೋ ಬೇಡವೋ ಎಂದು ರಾತ್ರಿ ನಿದ್ದೆಗೆಟ್ಟು ಯೋಚಿಸುತ್ತಿದ್ದೀರಿ. ಕೊಡುವುದು ಬಿಡುವುದು ನಿಮ್ಮ ಮನೆಯ ವಿಚಾರ. ನನ್ನ ಬಿನ್ನಹ ಒಂದೇ: ಕೈಯಲ್ಲಿರುವುದು ಏನು ಎಂದು ತಿಳಿದು ಆಮೇಲೆ ತೀರ್ಮಾನ ಮಾಡಿರಿ. ತಿಳಿಯದೆ ಕಳೆದುಕೊಂಡದ್ದನ್ನು ಯಾವ ಪರಿಹಾರವೂ ತುಂಬಿಕೊಡದು.

ಬಂಡೆ

ಮೊದಲು ಬಂಡೆಯಿಂದ ಪ್ರಾರಂಭಿಸೋಣ. ಹೊಲದ ಬದುವಿನಲ್ಲಿ ಕಲ್ಲುಕೂಚ ನೆಟ್ಟಿದ್ದೀರಿ. ಅದರ ಮೇಲೆ ಮುಂಜಾನೆಯ ಬಿಸಿಲು ಬಿದ್ದಾಗ ಹತ್ತಿರ ಹೋಗಿ ನೋಡಿರಿ. ಕಪ್ಪು ಬಿಳುಪಿನ ಪಟ್ಟೆಗಳು ಸೀರೆಯ ಗೀರಿನಂತೆ ಕಾಣುತ್ತವೆ. ಇದಕ್ಕೆ ಭೂವಿಜ್ಞಾನಿಗಳು ನೈಸ್ ಶಿಲೆ ಎನ್ನುತ್ತಾರೆ. ಲಾಲ್‌ಬಾಗಿನ ಗುಡ್ಡವೂ ಇದೇ ಶಿಲೆ. ಅದರ ವಯಸ್ಸು ಸುಮಾರು ಮುನ್ನೂರು ಕೋಟಿ ವರ್ಷಗಳೆಂದು ಲೆಕ್ಕ ಹಾಕಿ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಅಲ್ಲಿ ಫಲಕ ನೆಟ್ಟಿದ್ದಾರೆ.

ಮುನ್ನೂರು ಕೋಟಿ ಎಂಬುದು ಬಾಯಲ್ಲಿ ಹೇಳಲು ಸುಲಭ, ಮನಸ್ಸಿಗೆ ನಿಲುಕುವುದು ಕಷ್ಟ. ಹೀಗೆ ಯೋಚಿಸಿ ನೋಡಿರಿ. ಡೈನೋಸಾರ್ ಎಂಬ ದೈತ್ಯ ಪ್ರಾಣಿಗಳು ಅಳಿದುಹೋಗಿ ಸುಮಾರು ಆರೂವರೆ ಕೋಟಿ ವರ್ಷಗಳಾದುವು. ಹಿಮಾಲಯ ಪರ್ವತ ಏಳತೊಡಗಿದ್ದು ಅದಕ್ಕಿಂತಲೂ ಈಚೆಗೆ. ನಮ್ಮ ಬದುವಿನ ಕಲ್ಲು ಹುಟ್ಟಿದಾಗ ಭೂಮಿಯ ಮೇಲೆ ಗಿಡವಿರಲಿಲ್ಲ, ಹುಲ್ಲಿರಲಿಲ್ಲ, ಮೀನು ಕೂಡ ಇರಲಿಲ್ಲ. ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಗಳಿದ್ದುವು ಅಷ್ಟೆ. ಆಕಳು ಬೆನ್ನು ತಿಕ್ಕುವ ಕಲ್ಲಿಗೆ ಹಿಮಾಲಯಕ್ಕಿಂತ ಹೆಚ್ಚು ವಯಸ್ಸು!

ಈ ಬಂಡೆಯನ್ನು ನಮ್ಮ ಕಡೆಯ ಕಲ್ಲುಕುಟಿಗರು ಬೆಂಕಿಯಿಂದ ಚಪ್ಪಡಿ ಎಬ್ಬಿಸುತ್ತಿದ್ದ ರೀತಿಯನ್ನು ಹಿರಿಯರು ಕಂಡಿದ್ದೀರಿ. ಬಂಡೆಯ ಮೇಲೆ ಸೌದೆಯ ಸಾಲು ಹಚ್ಚಿ, ಬೆಂಕಿಯನ್ನು ಮೆಲ್ಲಮೆಲ್ಲನೆ ಮುಂದಕ್ಕೆ ತಳ್ಳುತ್ತ ಹೋಗುವರು. ಕಾವಿಗೆ ಮೇಲಿನ ಪದರು ಹಿಗ್ಗುತ್ತದೆ, ಕೆಳಗಿನದು ತಣ್ಣಗೇ ಇರುತ್ತದೆ. ಎರಡೂ ಒಂದನ್ನೊಂದು ಬಿಡುತ್ತವೆ. ಕಲ್ಲಿನ ಮೇಲೆ ತಟ್ಟಿ, ದನಿಯ ವ್ಯತ್ಯಾಸದಿಂದಲೇ ಪದರು ಎಲ್ಲಿಯವರೆಗೆ ಬಿಟ್ಟಿದೆಯೆಂದು ಅವರು ತಿಳಿಯುತ್ತಿದ್ದರು. ಶಾಲೆಯ ಮೆಟ್ಟಿಲು ಹತ್ತದ ಜನರ ಕೈಯಲ್ಲಿ ಇಷ್ಟು ವಿಜ್ಞಾನವಿತ್ತು.

ಇನ್ನೊಂದು ಸಂಗತಿ. ಈ ಬಂಡೆ ತನ್ನೊಳಗೆ ನೀರನ್ನು ಹಿಡಿಯಲಾರದು. ಬಿರುಕುಗಳಲ್ಲಿ ನಿಂತ ನೀರೇ ನಮ್ಮ ಕೊಳವೆ ಬಾವಿಯ ನೀರು. ಸಾವಿರ ಅಡಿ ಕೊರೆದರೂ ಬಿರುಕು ಸಿಕ್ಕದಿದ್ದರೆ ಬರಿಯ ಪುಡಿ ಮೇಲೆ ಬರುತ್ತದೆ. ಬಿರುಕು ತುಂಬಬೇಕಾದರೆ ಮೇಲಿನಿಂದ ಮಳೆಯ ನೀರು ಇಳಿಯಬೇಕು, ಅದು ಇಳಿಯುವುದಕ್ಕೆ ತೆರೆದ ಮಣ್ಣು ಬೇಕು. 2024ರ ಬೇಸಿಗೆಯಲ್ಲಿ ಕೊಳವೆ ಬಾವಿಗಳು ಬತ್ತಿ, ವೈಟ್‌ಫೀಲ್ಡಿನ ಮಹಡಿ ಮನೆಗಳು ಟ್ಯಾಂಕರಿಗೆ ಕಾದು ಕುಳಿತದ್ದನ್ನು ನೀವೇ ನೋಡಿದ್ದೀರಿ.

ಮಣ್ಣು

ಬಂಡೆಯಿಂದಲೇ ಮಣ್ಣು ಬಂದಿತು. ಬಂಡೆಯಲ್ಲಿ ಮುಖ್ಯವಾಗಿ ಮೂರು ಬಗೆಯ ಹರಳುಗಳುಂಟು. ಬಿಳಿಯ ಇಲ್ಲವೆ ನಸುಗೆಂಪಿನ ಹರಳು ಮಳೆ ಬಿಸಿಲಿಗೆ ಕರಗಿ ಜೇಡಿಯಾಗುತ್ತದೆ. ಕಪ್ಪಾಗಿ ಮಿನುಗುವ ಕಾಗೆಬಂಗಾರದಲ್ಲಿ ಕಬ್ಬಿಣವಿದೆ. ಅದು ಗಾಳಿ ನೀರು ತಗುಲಿ ತುಕ್ಕು ಹಿಡಿಯುತ್ತದೆ. ನೇಗಿಲ ಗುಳಕ್ಕೆ ಹತ್ತುವ ತುಕ್ಕು, ಹೊಲದ ಮಣ್ಣಿನ ಕೆಂಪು ಎರಡೂ ಒಂದೇ ಜಾತಿ. ಮೂರನೆಯದು ಬೆಣಚು, ಅದು ಕರಗದೆ ಉಳಿದು ಮರಳಾಗುತ್ತದೆ. ಜೇಡಿ, ಕೆಂಪು, ಮರಳು ಮೂರೂ ಒಬ್ಬಳೇ ತಾಯಿಯ ಮಕ್ಕಳು.

ಇದನ್ನು ಮಕ್ಕಳಿಗೆ ತೋರಿಸುವುದು ಸುಲಭ. ಗಾಜಿನ ಜಾಡಿಯಲ್ಲಿ ಒಂದು ಹಿಡಿ ಹೊಲದ ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಅಲುಗಾಡಿಸಿ ಇಡಿರಿ. ಮರಳು ಕ್ಷಣದಲ್ಲಿ ತಳ ಸೇರುತ್ತದೆ. ಅದರ ಮೇಲೆ ಗೋಡು ಕೂರುತ್ತದೆ. ಜೇಡಿ ಮಾರನೆಯ ದಿನವೂ ನೀರನ್ನು ಬಗ್ಗಡವಾಗಿಯೇ ಇಟ್ಟಿರುತ್ತದೆ. ಮರಳು ಎಷ್ಟು, ಜೇಡಿ ಎಷ್ಟು ಎಂದು ಕಣ್ಣಳತೆಯಲ್ಲೇ ತಿಳಿಯಬಹುದು; ನಿಮ್ಮ ಹೊಲ ನೀರನ್ನು ಎಷ್ಟು ದಿನ ಹಿಡಿದೀತೆಂದೂ ಇದರಿಂದ ಅಂದಾಜಾಗುತ್ತದೆ. ಹೀಗೆ ಬಂಡೆ ಒಡೆದು ಒಂದು ಅಂಗುಲ ಒಳ್ಳೆಯ ಮೇಲ್ಮಣ್ಣಾಗಲು ನೂರಾರು ವರ್ಷ ಬೇಕು. ಅಗೆಯುವ ಯಂತ್ರ ಅದನ್ನು ಲಾರಿಗೆ ತುಂಬಲು ಒಂದು ಗಳಿಗೆ ಸಾಕು. ಮನೆ ಕಟ್ಟಿಸುವವರು ಪಾಯ ತೆಗೆಯುವ ಮುನ್ನ ಮೇಲಿನ ಒಂದಡಿ ಮಣ್ಣನ್ನು ಬೇರೆ ಮಾಡಿ, ತೋಟಕ್ಕೋ ಹೊಲಕ್ಕೋ ಹಾಕಿಸಿದರೆ ಅದು ದೊಡ್ಡ ಪುಣ್ಯದ ಕೆಲಸ.

ರಾಗಿ

ಈಗ ನಮ್ಮ ಅನ್ನದ ಮಾತು. ಒಂದು ಗ್ರಾಂ ರಾಗಿಯಲ್ಲಿ ಹೆಚ್ಚುಕಡಿಮೆ ಮುನ್ನೂರೈವತ್ತು ಕಾಳುಗಳಿರುತ್ತವೆ. ಅಷ್ಟು ಸಣ್ಣ ಒಂದು ಕಾಳು ಮಣ್ಣಿಗೆ ಬಿದ್ದು, ತೆಂಡೆ ಹೊಡೆದು, ತೆನೆ ಬಿಟ್ಟು ಸಾವಿರಗಟ್ಟಲೆ ಕಾಳಾಗಿ ಬರುತ್ತದೆ. ಒಂದು ತೆನೆಯನ್ನು ಬಿಡಿಸಿ ಮಕ್ಕಳಿಂದ ಎಣಿಸಿರಿ. ಲೆಕ್ಕದ ಪಾಠವೂ ಆದೀತು.

ರಾಗಿ ನಮ್ಮದೇ ಬೆಳೆ ಎಂದು ನಾವು ಹೆಮ್ಮೆಪಡುತ್ತೇವೆ. ಆದರೆ ಅದು ಸಾವಿರಾರು ವರ್ಷಗಳ ಹಿಂದೆ ಪೂರ್ವ ಆಫ್ರಿಕದ ಎತ್ತರದ ನಾಡುಗಳಿಂದ, ಇಥಿಯೋಪಿಯ ಉಗಾಂಡಗಳ ಕಡೆಯಿಂದ, ಕಡಲು ದಾಟಿ ಬಂದ ನೆಂಟ. ಬಂದು ಇಲ್ಲಿಯೇ ಮನೆ ಮಾಡಿತು. ನಮ್ಮ ಕಾಲದಲ್ಲಿ ಆ ಹಳೆಯ ಸಂಬಂಧವನ್ನು ಮತ್ತೆ ಕೂಡಿಸಿದವರು ಮಂಡ್ಯದ ವಿ. ಸಿ. ಫಾರಂನಲ್ಲಿ ದುಡಿದ ರಾಗಿ ಲಕ್ಷ್ಮಣಯ್ಯನವರು. ಆಫ್ರಿಕದ ರಾಗಿಯನ್ನೂ ನಮ್ಮ ರಾಗಿಯನ್ನೂ ಕೂಡಿಸಿ ಅವರು ತೆಗೆದ ತಳಿಗಳೇ ಇಂಡಾಫ್. ಇಂಡಿಯ, ಆಫ್ರಿಕ ಎರಡು ಹೆಸರೂ ಅದರಲ್ಲಿ ಸೇರಿವೆ. ರಾಗಿಯ ಹೂವು ಕಣ್ಣಿಗೆ ಕಾಣದಷ್ಟು ಚಿಕ್ಕದು. ಅದು ಅರಳುವುದು ಬೆಳಗಿನ ಜಾವದ ಕತ್ತಲೆಯಲ್ಲಿ, ತನ್ನ ಪರಾಗವನ್ನು ತನಗೇ ಹಾಕಿಕೊಂಡುಬಿಡುತ್ತದೆ. ಅಂಥ ಹೂವಿಗೆ ಬೇರೆ ಹೂವಿನ ಪರಾಗ ತಾಗಿಸಬೇಕಾದರೆ ಎಷ್ಟು ತಾಳ್ಮೆ ಬೇಕು! ನಿಮ್ಮಲ್ಲಿ ಎಷ್ಟು ಮಂದಿ ರಾಗಿ ಹೂವನ್ನು ಕಂಡಿದ್ದೀರಿ? ಜೀವಮಾನವೆಲ್ಲ ಬೆಳೆದವರೂ ಕಂಡಿರಲಾರರು.

ಮಳೆ ಕೈಕೊಟ್ಟರೂ ರಾಗಿ ಜೀವ ಹಿಡಿದಿರುವುದು ಹೇಗೆ? ಗಿಡಕ್ಕೆ ಎಲೆಯ ಮೇಲೆ ಸಣ್ಣ ಬಾಯಿಗಳಿವೆ. ಗಾಳಿಯಿಂದ ಆಹಾರ ತೆಗೆದುಕೊಳ್ಳಲು ಆ ಬಾಯಿ ತೆರೆಯಬೇಕು. ತೆರೆದಾಗೆಲ್ಲ ಒಳಗಿನ ನೀರು ಆವಿಯಾಗಿ ಹೊರಟುಹೋಗುತ್ತದೆ. ಭತ್ತಕ್ಕೆ ಈ ಬಾಯಿಗಳನ್ನು ಬಹಳ ಹೊತ್ತು ತೆರೆದಿಡದೆ ವಿಧಿಯಿಲ್ಲ. ರಾಗಿ, ಜೋಳ, ಕಬ್ಬು ಇವುಗಳ ಎಲೆಯಲ್ಲಿ ಮಾತ್ರ ಇಂಗಾಲದ ಗಾಳಿಯನ್ನು ಒಳಗೆ ಒತ್ತಾಗಿ ಕೂಡಿಡುವ ವಿಶೇಷ ಏರ್ಪಾಡು ಉಂಟು. ಆದುದರಿಂದ ಅವು ಕಡಿಮೆ ನೀರು ಕಳೆದುಕೊಂಡು ಹೆಚ್ಚು ಬೆಳೆಯುತ್ತವೆ. ಖರ್ಚು ತಿಳಿದು ಸಂಸಾರ ಮಾಡುವ ಗೃಹಿಣಿಯಂತೆ ರಾಗಿಯ ಎಲೆ.

ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಷ್ಟೇ ತೂಕದ ಹಾಲಿನಲ್ಲಿ ಸುಮಾರು 120, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಬರಿಯ ಹತ್ತರ ಆಸುಪಾಸು. ಈ ಸುಣ್ಣ ಎಲ್ಲಿಂದ ಬಂತು? ಮುನ್ನೂರು ಕೋಟಿ ವರ್ಷದ ಬಂಡೆಯ ಹರಳಿನಲ್ಲಿದ್ದುದು ಮಣ್ಣಿಗೆ ಬಂತು, ಮಣ್ಣಿನಿಂದ ಬೇರಿಗೆ, ಬೇರಿನಿಂದ ಕಾಳಿಗೆ, ಕಾಳಿನಿಂದ ಮುದ್ದೆಗೆ, ಮುದ್ದೆಯಿಂದ ನಿಮ್ಮ ಮಗುವಿನ ಮೂಳೆಗೆ. "ಹಿಟ್ಟು ತಿಂದವ ಬೆಟ್ಟ ಕಿತ್ತಿಟ್ಟ" ಎಂದರಲ್ಲ, ನಿಜವಾಗಿ ಬೆಟ್ಟವೇ ಹಿಟ್ಟಿನೊಳಗೆ ಬಂದು ಕುಳಿತಿದೆ.

ರಾಗಿಯನ್ನು ಹಗೇವಿನಲ್ಲಿ ಹತ್ತಾರು ವರ್ಷ ಕೆಡದಂತೆ ಇಡುತ್ತಿದ್ದ ಸಂಗತಿ ಹಿರಿಯರಿಗೆ ಗೊತ್ತು. ಸೆರೆಯಲ್ಲಿ ಆರು ತಿಂಗಳಿದ್ದೂ ಕೆಡದೆ ಹೊರಬಂದ ನರೆದಲಗನ ಕಥೆಯನ್ನು ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ಹೇಳಿದ್ದಾರೆ. ಬಾಯಿ ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡಿ ಪ್ರಾಣವಾಯುವನ್ನು ಮುಗಿಸುತ್ತದೆ, ಇಂಗಾಲದ ಗಾಳಿ ತುಂಬುತ್ತದೆ, ಹುಳುವಿಗೆ ಅಲ್ಲಿ ಬದುಕಿಲ್ಲ. ಮನುಷ್ಯನಿಗೂ ಇಲ್ಲ. ಅದಕ್ಕೇ ನಮ್ಮ ಹಿರಿಯರು ಮೊದಲು ದೀಪ ಇಳಿಸಿ, ದೀಪ ಆರಿದರೆ ಇಳಿಯುತ್ತಿರಲಿಲ್ಲ. ಈ ಮಾತನ್ನು ಇಂದಿನ ಹುಡುಗರು ಚೆನ್ನಾಗಿ ಕೇಳಿಸಿಕೊಳ್ಳಬೇಕು. ನಮ್ಮ ಹಳ್ಳಿಗಳಿಂದ ಬಹಳ ಮಂದಿ ಕಾರ್ಖಾನೆ, ಮಹಡಿ ಮನೆಗಳ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿಯ ಕೊಳಚೆ ಗುಂಡಿಗಳಲ್ಲಿಯೂ ಉಸಿರು ಕಟ್ಟುವ ಗಾಳಿಯೇ ತುಂಬಿರುತ್ತದೆ. ಹೊತ್ತಿ ಉರಿಯುವ ಗಾಳಿಯೂ ಇರುವುದರಿಂದ ಅಲ್ಲಿ ದೀಪದ ಪರೀಕ್ಷೆ ಮಾಡಲೇಬಾರದು. ಯಾವ ಮೇಸ್ತ್ರಿ ಎಷ್ಟು ಕೂಲಿ ಹೆಚ್ಚಿಗೆ ಕೊಡುತ್ತೇನೆಂದರೂ ಇಳಿಯಬೇಡಿರಿ. ರಕ್ಷಣೆಯಿಲ್ಲದೆ ಹೀಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಅಜ್ಜನಿಗೆ ತಿಳಿದಿದ್ದ ಹಗೇವಿನ ಗುಟ್ಟು ಮೊಮ್ಮಗನ ಪ್ರಾಣ ಉಳಿಸೀತು.

ಅವರೆ

ರಾಗಿಯ ಜೊತೆಯಲ್ಲಿ ಅಕ್ಕಡಿ ಸಾಲಿನಲ್ಲಿ ಅವರೆ ಹಾಕುತ್ತೀರಿ. ಹೂ ಬಿಡುವ ಕಾಲದಲ್ಲಿ ಒಂದು ಗಿಡವನ್ನು ಬೇರು ಹರಿಯದಂತೆ ಮೆಲ್ಲನೆ ಅಗೆದು ನೋಡಿರಿ. ಬೇರಿನಲ್ಲಿ ಸಣ್ಣ ಗಂಟುಗಳಿರುತ್ತವೆ. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ನಮ್ಮ ರಕ್ತಕ್ಕೆ ಕೆಂಪು ಕೊಡುವ ವಸ್ತುವಿಗೆ ಹತ್ತಿರದ ನೆಂಟನಾದ ಒಂದು ವಸ್ತು ಅಲ್ಲಿದೆ. ಗಿಡಕ್ಕೆ ರಕ್ತದ ನೆಂಟಸ್ತಿಕೆ ಎಂದರೆ ಯಾರು ನಂಬುತ್ತಾರೆ? ಆದರೂ ಸತ್ಯ.

ಆ ಗಂಟಿನಲ್ಲಿ ಮನೆ ಮಾಡಿರುವ ಸೂಕ್ಷ್ಮ ಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗೊಬ್ಬರ ಮಾಡುತ್ತವೆ. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ. ಅದನ್ನು ಹಿಡಿದು ಗೊಬ್ಬರ ಮಾಡುವ ಕಾರ್ಖಾನೆಯನ್ನು ಮನುಷ್ಯ ಮೊದಲು ನಡೆಸಿದ್ದು 1913ರಲ್ಲಿ, ಜರ್ಮನಿಯಲ್ಲಿ. ಅದಕ್ಕೆ ನಾನ್ನೂರು ಡಿಗ್ರಿಗೂ ಮೀರಿದ ಕಾವು, ನಾವು ಉಸಿರಾಡುವ ಗಾಳಿಯ ನೂರಾರು ಪಟ್ಟು ಒತ್ತಡ, ಉಕ್ಕಿನ ಗೋಪುರಗಳು ಬೇಕು. ಅದೇ ಕೆಲಸವನ್ನು ಅವರೆಯ ಗಂಟು ಹೊಲದ ತಂಪಿನಲ್ಲಿ, ಸದ್ದಿಲ್ಲದೆ, ಹೊಗೆಯಿಲ್ಲದೆ ಮಾಡುತ್ತದೆ. ಗಂಟು ಸೀಳಿದಾಗ ಒಳಗೆ ಬಿಳುಪಾಗಿಯೋ ಹಸಿರಾಗಿಯೋ ಇದ್ದರೆ ಕೆಲಸ ನಡೆಯುತ್ತಿಲ್ಲವೆಂದು ತಿಳಿಯಬೇಕು. ಅಂಥ ಹೊಲಕ್ಕೆ ಮುಂದಿನ ಸಲ ಬೀಜಕ್ಕೆ ರೈಜೋಬಿಯಂ ಪುಡಿ ಲೇಪಿಸಿ ಬಿತ್ತಿರಿ. ಅದರ ಬೆಲೆ ಅತ್ಯಲ್ಪ.

ಅವರೆಯ ಇನ್ನೊಂದು ಚಮತ್ಕಾರವೂ ಉಂಟು. ನಮ್ಮ ನಾಟಿ ಅವರೆಯನ್ನು ಮುಂಗಾರಿನಲ್ಲಿ ಹಿಂದೆ ಮುಂದೆ ಬಿತ್ತಿದರೂ ಹೂ ಬಿಡುವುದು ರಾತ್ರಿ ಉದ್ದವಾಗುವ ಕಾಲಕ್ಕೇ. ಬೆಂಗಳೂರು ಸೀಮೆಯಲ್ಲಿ ವರ್ಷದ ಅತಿ ದೊಡ್ಡ ರಾತ್ರಿಗೂ ಅತಿ ಚಿಕ್ಕ ರಾತ್ರಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಮಾತ್ರ. ಗಡಿಯಾರವಿಲ್ಲದ ಗಿಡ ಎಲೆಯೊಳಗಿನ ಒಂದು ಬಣ್ಣದ ವಸ್ತುವಿನಿಂದ ಆ ಸಣ್ಣ ವ್ಯತ್ಯಾಸವನ್ನು ಅಳೆಯುತ್ತದೆ. ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯದವರು ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಎಂಬ ತಳಿಗಳಲ್ಲಿ ಈ ಕಟ್ಟನ್ನು ಬಿಡಿಸಿದ್ದಾರೆ. ಅವು ಯಾವ ಕಾಲದಲ್ಲಿಯೂ ಹೂ ಬಿಡುತ್ತವೆ. ರಾತ್ರಿಯಿಡೀ ಉರಿಯುವ ಬೀದಿ ದೀಪದ ಕೆಳಗಿನ ಸೋಯಾ ಅವರೆ ಗಿಡಗಳು ಕತ್ತಲೆ ಸಾಲದೆ ಹೂ ಬಿಡಲು ತಡಮಾಡುವುದನ್ನು ಬೇರೆ ದೇಶಗಳ ರೈತರು ಕಂಡಿದ್ದಾರೆ. ನಿಮ್ಮ ಹೊಲದ ಪಕ್ಕದಲ್ಲಿ ಕಾರ್ಖಾನೆಯ ದೊಡ್ಡ ದೀಪ ಬಂದಿದ್ದರೆ, ಬೆಳಕು ಬೀಳುವ ಸಾಲನ್ನೂ ಬೀಳದ ಸಾಲನ್ನೂ ಈ ವರ್ಷ ಹೋಲಿಸಿ ನೋಡಿರಿ. ಸೋಜಿಗಪಟ್ಟವನು ಪರೀಕ್ಷೆ ಮಾಡಬೇಕು. ಆಗ ಸೋಜಿಗವು ಜ್ಞಾನವಾಗುತ್ತದೆ.

ಕೆರೆ

ಇನ್ನು ನೀರಿನ ದಾರಿಯನ್ನು ನೋಡೋಣ. ನಮ್ಮ ಬೆಂಗಳೂರು ಸೀಮೆ ಕಡಲ ಮಟ್ಟದಿಂದ ಮೂರು ಸಾವಿರ ಅಡಿ ಎತ್ತರದಲ್ಲಿ, ಮನೆಯ ಮಾಡಿನಂತೆ ಎರಡು ಕಡೆಗೆ ಇಳಿಜಾರಾಗಿದೆ. ಪೀಣ್ಯದ ಕಡೆ ಬಿದ್ದ ಮಳೆ ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ ಸೇರುತ್ತದೆ. ಬೆಳ್ಳಂದೂರು, ವರ್ತೂರು, ವೈಟ್‌ಫೀಲ್ಡಿನ ಕಡೆ ಬಿದ್ದದ್ದು ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಒಂದೇ ಮೋಡದ ಎರಡು ಹನಿಗಳು, ಒಂದು ಪೂಂಪುಹಾರಿನಲ್ಲಿ ಕಡಲು ಕಂಡರೆ ಇನ್ನೊಂದು ಕಡಲೂರಿನಲ್ಲಿ ಕಾಣುತ್ತದೆ.

ಹೊಳೆಯೊಂದೂ ಹತ್ತಿರವಿಲ್ಲದ ಈ ಎತ್ತರದ ನೆಲದಲ್ಲಿ ಜನ ಬದುಕಿದ್ದು ಕೆರೆಗಳಿಂದ. ಮೇಲಿನ ಕೆರೆಯ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ, ಅದರ ಕೋಡಿ ಮುಂದಿನದಕ್ಕೆ. ಒಂದು ಹನಿಯೂ ಸುಮ್ಮನೆ ಹೋಗದಂತೆ ಸರಪಣಿ ಕಟ್ಟಿದ್ದರು. ಮಟ್ಟ ನೋಡುವ ದುರ್ಬೀನು ಇಲ್ಲದೆ, ನೀರು ನಡೆಯುವ ದಾರಿಯನ್ನು ನೋಡಿಯೇ ಏರಿಯ ಎತ್ತರ, ಕೋಡಿಯ ಮಟ್ಟ, ತೂಬಿನ ತಳ ಗೊತ್ತು ಮಾಡಿದರು. ತೂಬಿನ ಕಲ್ಲುಕಂಬಗಳ ನಡುವೆ ನಿಂತು ನೀರುಗಂಟಿ ಬಿರಟೆ ಎತ್ತಿದರೆ ಕಟ್ಟಕಡೆಯ ಗದ್ದೆಗೂ ಪಾಲು ಸಿಕ್ಕಬೇಕು. ಇದು ಬರಿಯ ಕಲ್ಲು ಮಣ್ಣಿನ ಕೆಲಸವೆನ್ನುವಿರೋ, ನ್ಯಾಯದ ಕೆಲಸವೆನ್ನುವಿರೋ?

ಇದು ಎಷ್ಟು ಹಳೆಯದೆಂಬುದಕ್ಕೆ ಕಾಡುಗೋಡಿಯಲ್ಲಿಯೇ ಸಾಕ್ಷಿಯಿದೆ. ಅಲ್ಲಿಯ ದೇವಸ್ಥಾನದಲ್ಲಿ 1043ನೆಯ ಇಸವಿಯ, ಚೋಳರ ಕಾಲದ ತಮಿಳು ಶಾಸನವಿದೆ. ಗಾವುಂಡನೊಬ್ಬನು ಪಟ್ಟಂದೂರಿನ ಕೆರೆಯನ್ನು ಕಟ್ಟಿಸಿ, ತೂಬು ಇಡಿಸಿ, ದೇವರುಗಳನ್ನು ಪ್ರತಿಷ್ಠೆ ಮಾಡಿದನೆಂದು ಅದು ತಿಳಿಸುತ್ತದೆ. ಇಂದಿನ ಪಟ್ಟಂದೂರು ಅಗ್ರಹಾರವೆಂದರೆ ಕಂಪ್ಯೂಟರ್ ಕಂಪನಿಗಳ ಮಹಡಿಗಳು ತುಂಬಿದ ಜಾಗ. ಅಲ್ಲಿ ನೀರಿನ ಯೋಜನೆ ಮಾಡಿದ ಒಬ್ಬ ಹಳ್ಳಿಯ ಹಿರಿಯನ ಕೆಲಸ ಸಾವಿರ ವರ್ಷಕ್ಕೆ ಹತ್ತಿರವಾಗಿದೆ.

ಬೆಳ್ಳಂದೂರು, ವರ್ತೂರು ಕೆರೆಗಳೂ ಒಂದು ಬಗೆಯ ಬೆರಗನ್ನು ಲೋಕಕ್ಕೆ ತೋರಿಸಿದುವು. 2015ರಲ್ಲಿ ಅವು ಮಂಜಿನ ಬೆಟ್ಟದಂಥ ನೊರೆಯನ್ನು ರಸ್ತೆಗೆ ಹಾರಿಸಿದಾಗ, ಬೆಳ್ಳಂದೂರಿನ ನೊರೆಗೆ ಬೆಂಕಿ ಹತ್ತಿದಾಗ, ದೂರದಿಂದ ಜನ ಬಂದು ಚಿತ್ರ ತೆಗೆದುಕೊಂಡರು. ಮನೆಮನೆಯ ಸೋಪಿನ ನೀರು, ಕಾರ್ಖಾನೆಯ ಕೊಳಕು, ಕೊಳಚೆ ಎಲ್ಲ ಕೂಡಿ ಕೋಡಿಯಲ್ಲಿ ಧುಮುಕಿದಾಗ ಮಜ್ಜಿಗೆ ಕಡೆದಂತೆ ನೊರೆ ಬಂತು. ಆ ಕೆರೆಯನ್ನು ಕಟ್ಟಿದವರ ಬುದ್ಧಿಗೆ ಬೆರಗಾಗುವವರು ಇದ್ದಿದ್ದರೆ ಈ ನೊರೆಗೆ ಬೆರಗಾಗುವ ಗತಿ ಬರುತ್ತಿರಲಿಲ್ಲ.

ಊರಿನ ಕಲ್ಲು

ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ದಾರಿಯಿಂದ ತುಸು ಒಳಗೆ ಬೇಗೂರಿದೆ. ಅಲ್ಲಿಯ ದೇವಸ್ಥಾನದಲ್ಲಿ ಸುಮಾರು 890ನೆಯ ಇಸವಿಯ ಒಂದು ವೀರಗಲ್ಲು ಇದೆ. ಬೆಂಗಳೂರಿನಲ್ಲಿ ನಡೆದ ಕಾಳಗದಲ್ಲಿ ಮಡಿದ ವೀರನ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ಹೊಯ್ಸಳ ಬಲ್ಲಾಳನಿಗೆ ಮುದುಕಿ ಬೆಂದ ಕಾಳು ಕೊಟ್ಟಳೆಂಬ, ಅದರಿಂದ ಬೆಂಗಳೂರೆಂಬ ಹೆಸರು ಬಂತೆಂಬ ಕಥೆ ಸೊಗಸಾದದ್ದೇ. ಆದರೆ ಆ ಬಲ್ಲಾಳ ಹುಟ್ಟುವುದಕ್ಕೆ ಇನ್ನೂರು ವರ್ಷಕ್ಕೂ ಹೆಚ್ಚು ಮೊದಲೇ ಆ ಹೆಸರು ಕಲ್ಲಿನ ಮೇಲೆ ಇತ್ತು. ಯಾರೂ ತಿರುಗಿ ನೋಡದ ಒಂದು ಕಲ್ಲು ಎಲ್ಲರೂ ಹೇಳುವ ಕಥೆಯನ್ನು ತಿದ್ದಿತು.

ಬಿ. ಎಲ್. ರೈಸ್ ಎಂಬ ವಿದ್ವಾಂಸರು ಊರೂರು ಸುತ್ತಿಸಿ ಇಂಥ ಶಾಸನಗಳನ್ನು ಪಟ್ಟಿ ಮಾಡಿಸಿ, ಬೆಂಗಳೂರು ಜಿಲ್ಲೆಯ ಸಂಪುಟವನ್ನು 1905ರಲ್ಲಿ ಅಚ್ಚು ಹಾಕಿಸಿದರು. ನಿಮ್ಮ ಊರಿನ ಕಲ್ಲೂ ಅದರಲ್ಲಿ ಇರಬಹುದು, ಇಲ್ಲದೆಯೂ ಇರಬಹುದು. ಬಟ್ಟೆ ಒಗೆಯಲು ಹಾಕಿಕೊಂಡ ಚಪ್ಪಡಿಯನ್ನು ಒಮ್ಮೆ ತೊಳೆದು, ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ನೋಡಿರಿ. ಅಕ್ಷರವಿದ್ದರೆ ನೆರಳಿನಲ್ಲಿ ಎದ್ದು ಕಾಣುತ್ತದೆ.

ಮರಳು ಮತ್ತು ಕಂಪ್ಯೂಟರು

ಕಡೆಯದಾಗಿ, ನಿಮ್ಮ ಜೇಬಿನಲ್ಲಿರುವ ಮೊಬೈಲು. ಅದರ ಮಿದುಳೆನ್ನುವ ಚಿಪ್ ಸಿಲಿಕಾನ್ ಎಂಬ ವಸ್ತುವಿನಿಂದ ಆಗಿದೆ. ಇಂದಿನ ಒಳ್ಳೆಯ ಫೋನಿನ ಒಂದು ಚಿಪ್ಪಿನಲ್ಲಿ, ಉಗುರಿನಗಲದ ಜಾಗದಲ್ಲಿ, ಸಾವಿರ ಕೋಟಿಗೂ ಮೀರಿದ ಸ್ವಿಚ್ಚುಗಳಿವೆ. ಆ ಸಿಲಿಕಾನ್ ಸಿಕ್ಕುವುದು ಬೆಣಚುಕಲ್ಲಿನಲ್ಲಿ. ಚಿಪ್ಪಿಗೆ ಬಹಳ ಶುದ್ಧವಾದ ಬೆಣಚು ಬೇಕೆಂಬುದು ನಿಜ. ಆದರೂ ಜಾತಿ ನಿಮ್ಮ ಹೊಲದ ಮರಳಿನದೇ. ರಾಗಿ, ಭತ್ತ, ಕಬ್ಬು ಈ ವಸ್ತುವನ್ನು ಬೇರಿನಿಂದ ಹೀರಿ ಎಲೆಯ ಅಂಚಿಗೆ ಕೂಡಿಸುತ್ತವೆ. ಕಬ್ಬಿನ ಗರಿ ಕೈ ಕೊಯ್ಯುವುದು ಇದರಿಂದಲೇ.

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ ಮಗಳು, ಹೊಲದಲ್ಲಿ ಕಳೆ ಕೀಳುವ ತಾಯಿ ಇಬ್ಬರ ಬೆರಳೂ ದಿನವೂ ಮುಟ್ಟುವುದು ಒಂದೇ ಧಾತುವನ್ನು. ಮಗಳ ವಿದ್ಯೆ ದೊಡ್ಡದು, ತಾಯಿಯದು ಚಿಕ್ಕದು ಎಂದು ಹೇಳುವವರು ಎರಡನ್ನೂ ಅರಿತವರಲ್ಲ. ಮಗಳಿಗೆ ತಾಯಿ ಹೊಲವನ್ನು ತೋರಿಸಲಿ, ತಾಯಿಗೆ ಮಗಳು ಚಿಪ್ಪಿನ ಕಥೆ ಹೇಳಲಿ. ಈ ಮಾತು ನಿಂತುಹೋದ ಮನೆಯಲ್ಲಿ ಜಮೀನು ಉಳಿದರೂ ಬೇಸಾಯ ಉಳಿಯುವುದಿಲ್ಲ.

ನಾವು ಮಾಡಬೇಕಾದದ್ದು

ಸೋಜಿಗವನ್ನು ಕೇಳಿ ತಲೆದೂಗಿ ಮನೆಗೆ ಹೋದರೆ ಫಲವಿಲ್ಲ. ಈ ಕೆಲವು ಕೆಲಸಗಳನ್ನು ಕೈಗೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.

ಒಂದು: ಊರಿನ ಎಲ್ಲ ಹಳೆಯ ಕಲ್ಲುಗಳನ್ನು, ತೂಬುಗಳನ್ನು ಶಾಲೆಯ ಮಕ್ಕಳಿಂದ ಪಟ್ಟಿ ಮಾಡಿಸಿ, ಫೋಟೋ ತೆಗೆಸಿ, ಒಂದು ಪ್ರತಿಯನ್ನು ಪಂಚಾಯಿತಿಯಲ್ಲಿಯೂ ಇನ್ನೊಂದನ್ನು ಪುರಾತತ್ತ್ವ ಇಲಾಖೆಗೂ ಕೊಡಿರಿ. ಕಲ್ಲಿಗೆ ಸುಣ್ಣ, ಎಣ್ಣೆಬಣ್ಣ ಬಳಿಯಬೇಡಿರಿ, ಅಕ್ಷರ ಮುಚ್ಚಿಹೋಗುತ್ತದೆ.

ಎರಡು: ಕೆರೆಗೆ ನೀರು ತರುವ ಕಾಲುವೆಯನ್ನು ಮಳೆಗಾಲಕ್ಕೆ ಮೊದಲು ಎಲ್ಲರೂ ಒಟ್ಟಾಗಿ ನಡೆದು ನೋಡಿರಿ. ಎಲ್ಲಿ ಮುಚ್ಚಿದೆ, ಎಲ್ಲಿ ಒತ್ತುವರಿಯಾಗಿದೆ ಎಂದು ಬರೆದು ಗ್ರಾಮಸಭೆಯಲ್ಲಿ ಓದಿಸಿರಿ. ಬರಹದಲ್ಲಿ ಇಲ್ಲದ ದೂರಿಗೆ ಬಲವಿಲ್ಲ.

ಮೂರು: ಜಮೀನು ಎಷ್ಟೇ ಕಡಿಮೆಯಾಗಿರಲಿ, ಕೆಲವು ಸಾಲು ರಾಗಿ, ಒಂದು ಅಕ್ಕಡಿ ಸಾಲು ಅವರೆ ಹಾಕಿ, ನಾಟಿ ಬೀಜವನ್ನು ಉಳಿಸಿಕೊಳ್ಳಿರಿ. ಬೀಜ ಒಮ್ಮೆ ತಪ್ಪಿದರೆ ಅಂಗಡಿಯಲ್ಲಿ ಸಿಕ್ಕುವುದಿಲ್ಲ.

ನಾಲ್ಕು: ವರ್ಷಕ್ಕೆ ಒಂದು ದಿನವಾದರೂ, ನಗರದಲ್ಲಿ ಕೆಲಸಕ್ಕಿರುವ ಮಕ್ಕಳು ಬಂದಿರುವ ಹಬ್ಬದ ದಿನ, ಅವರನ್ನು ಹೊಲಕ್ಕೂ ಕೆರೆ ಏರಿಗೂ ಕರೆದುಕೊಂಡು ಹೋಗಿ ನಿಮಗೆ ತಿಳಿದದ್ದನ್ನು ಹೇಳಿರಿ. ಅವರ ಪ್ರಶ್ನೆಗೆ ಉತ್ತರ ತೋಚದಿದ್ದರೆ ಇಬ್ಬ‍ರೂ ಕೂಡಿ ಹುಡುಕಿರಿ.

ಬಾಂಧವರೇ, ನಮ್ಮ ಕಣ್ಣಿಗೆ ಬೆಲೆಯಿಲ್ಲವೆಂದು ಕಂಡದ್ದನ್ನು ನಾವು ಕಾಯುವುದಿಲ್ಲ. ಬಂಡೆ, ಮಣ್ಣು, ಕಾಳು, ಕೆರೆ ಇವುಗಳ ಮಹಿಮೆ ತಿಳಿದವನು ಅವುಗಳನ್ನು ಒಡೆಯುವ, ಅಗೆಯುವ, ಮುಚ್ಚುವ ಮೊದಲು ಒಂದು ಗಳಿಗೆ ನಿಂತು ಯೋಚಿಸುತ್ತಾನೆ. ಆ ಒಂದು ಗಳಿಗೆಯ ಯೋಚನೆಯಿಂದ ಒಂದು ಕೆರೆ ಉಳಿದೀತು, ಒಂದು ಬೀಜ ಉಳಿದೀತು. ಸ್ವಲ್ಪ ಹೊತ್ತಿಗೆ ಕತ್ತಲಾಗುತ್ತದೆ, ಹಾಲು ಕರೆಯುವ ಹೊತ್ತೂ ಆಗಿದೆ.